ಆ ಹುಡುಗನನ್ನು ಮನೆಗೆ ಕಳಿಸಿ

ಏವ್ರಿಲ್ ಥ್ಯಾಕ್ರೆಯ ಬಾಯಿ ಸ್ಕೆಲ್ಬಿ ಊರಿಗೆಲ್ಲ ಗೊತ್ತಿದ್ದದ್ದೇ. ರಗ್ಬಿ ಮೈದಾನದ ಹಿಂದಿನ ಸ್ಟ್ಯಾಂಡಿನ ಕೆಳಗೆ ಅವಳದೊಂದು ಕಿಟಕಿ. ಪಂದ್ಯದ ದಿನ ಅಲ್ಲಿಂದ ಬಿಸಿ ಬಿಸಿ ಮಾಂಸದ ಪೈ, ಅದರ ಮೇಲೆ ಬೆಂದು ಮುದ್ದೆಯಾದ ಬಟಾಣಿ ಹಾಕಿ ಕೊಡುತ್ತಾಳೆ. ಸಾಲು ತಪ್ಪಿಸಿ ನುಗ್ಗಿದವನು ಕ್ಲಬ್ಬಿನ ಅಧ್ಯಕ್ಷನೇ ಆಗಿರಲಿ, ಸೌಟು ತೋರಿಸಿ ಹಿಂದಕ್ಕೆ ಕಳಿಸುತ್ತಿದ್ದಳು. ಆದರೆ ಅದು ಸೋಡಾ ಬಾಟಲಿಯ ಕೋಪ, ಬುಸ್ಸೆಂದು ಇಳಿದುಹೋಗುವಂಥದ್ದು. ಅವಳ ನಿಜವಾದ ಕೋಪವನ್ನು ಊರು ಕಂಡದ್ದು ಹೋದ ವರ್ಷದ ಒಂದು ಶುಕ್ರವಾರ. ಅದನ್ನು ಊರಿನವರು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮೆ ಕೇಳಬೇಕಾದವರು ತಾವು ಎನ್ನುವುದು ಅವರಿಗೆ ಹೊಳೆದೇ ಇಲ್ಲ.

ಏವ್ರಿಲ್ ಕಲ್ಲಿದ್ದಲು ಗಣಿಯವನ ಮಗಳು. ಎಂಬತ್ತನಾಲ್ಕರ ಗಣಿ ಮುಷ್ಕರದಲ್ಲಿ ಒಂದು ವರ್ಷ ಊರಿಗೆ ಊರೇ ಅರೆಹೊಟ್ಟೆಯಲ್ಲಿದ್ದಾಗ ಅವಳ ಚಿಕ್ಕಪ್ಪ ಮುಷ್ಕರ ಮುರಿದು ಕೆಲಸಕ್ಕೆ ಹೋದ. ಅಂಥವನಿಗೆ ಅಲ್ಲಿ 'ಸ್ಕ್ಯಾಬ್' ಅನ್ನುತ್ತಾರೆ. ಜೊತೆಯವರಿಗೆ ದ್ರೋಹ ಮಾಡಿದವನಿಗೆ ಅದಕ್ಕಿಂತ ಕೀಳಾದ ಮಾತು ಆ ಊರಲ್ಲಿಲ್ಲ. ಏವ್ರಿಲ್‌ಳ ಅಪ್ಪ ಒಡಹುಟ್ಟಿದ ತಮ್ಮನಿಗೆ ಆ ಒಂದು ಮಾತು ಅಂದವನು, ಆಮೇಲೆ ತಮ್ಮ ಸಾಯುವವರೆಗೆ ಅವನ ಜೊತೆ ಮಾತಾಡಲಿಲ್ಲ. ತಮ್ಮನ ಹೆಣ ಹೋಗುವಾಗ ರಸ್ತೆಯ ಆಚೆ ಬದಿಗೆ ನಿಂತು ಟೋಪಿಯನ್ನೂ ತೆಗೆಯಲಿಲ್ಲ. ಗಣಿ ಮುಚ್ಚಿ ಎಷ್ಟೋ ವರ್ಷವಾಗಿದೆ, ಆ ಮಾತು ಮಾತ್ರ ಇನ್ನೂ ಬಿಸಿಯಾಗಿಯೇ ಇದೆ.

ಅವಳ ಗಂಡ ಡೆಸ್ ವಾರವೆಲ್ಲ ಗಣಿಯೊಳಗೆ ಇಳಿಯುತ್ತಿದ್ದ, ಭಾನುವಾರ ಸ್ಕೆಲ್ಬಿಗೆ ರಗ್ಬಿ ಲೀಗ್ ಆಡುತ್ತಿದ್ದ. ಮುಂಚೂಣಿಯ ಆಟಗಾರ. ಗೂಳಿಯ ಕತ್ತು, ಕೈಗಳು ಮಾತ್ರ ಮೆತ್ತಗೆ. ಅವನ ಹೆಸರೆತ್ತಿದರೆ ಊರಲ್ಲಿ ಹುಟ್ಟಿದ ಕೂಸೂ ಒಂದೇ ಕಥೆ ಹೇಳುತ್ತದೆ. ಎಂಬತ್ತೆಂಟರ ಕಪ್ ಸೆಮಿಫೈನಲ್. ಎದುರಾಳಿಯ ತೋಳು ದವಡೆಗೆ ಬಡಿದು ಡೆಸ್ ದಿಮ್ಮಿಯ ಹಾಗೆ ಬಿದ್ದ. ಬಕೆಟ್ ವಿಲ್ಫ್ ಓಡಿ ಬಂದ. ಆಗಿನ ವೈದ್ಯಕೀಯವೆಂದರೆ ವಿಲ್ಫ್‌ನ ಬಕೆಟ್ಟು ಮತ್ತು ಅದರೊಳಗಿನ ಸ್ಪಂಜು, ಅಷ್ಟೇ. ಕತ್ತಿನ ಮೇಲೆ ತಣ್ಣೀರು ಹಿಂಡಿ, ಮೂಗಿಗೆ ಘಾಟು ಔಷಧಿಯ ಶೀಸೆ ಹಿಡಿದು, ಬೆನ್ನು ತಟ್ಟಿ ಎಬ್ಬಿಸಿದ. ಡೆಸ್ ನೇರ ಹೋಗಿ ಎದುರಾಳಿಗಳ ಸಾಲಿನಲ್ಲಿ ನಿಂತುಕೊಂಡ. ಅವರ ನಾಯಕನೇ ಅವನ ಭುಜ ಹಿಡಿದು ತಿರುಗಿಸಿ, "ಅಣ್ಣಾ, ನಿಮ್ಮನೆ ಆ ಕಡೆ," ಅಂದನಂತೆ. ಅಲ್ಲಿಂದ ಓಡಿದವನು ಮೂವರನ್ನು ಹೊತ್ತುಕೊಂಡೇ ಗೆರೆ ದಾಟಿ ಚೆಂಡನ್ನು ನೆಲಕ್ಕೂರಿ ಅಂಕ ಗಳಿಸಿದ. ಸ್ಕೆಲ್ಬಿ ಗೆದ್ದಿತು.

ಮನೆಗೆ ಬಂದ ಮೇಲೆ ಮದುವೆಯಾಗಿ ಮೂರು ವರ್ಷವಾಗಿದ್ದ ಹೆಂಡತಿಯನ್ನು ಡೆಸ್ ಬಹಳ ಮರ್ಯಾದೆಯಿಂದ ಕೇಳಿದ, "ನೀವು ಯಾರ ಮನೆ ಹುಡುಗಿ?" ಕಥೆಯ ಈ ಕೊನೆಯ ಭಾಗವನ್ನು ಸೇರಿಸಿದವಳು ಏವ್ರಿಲ್ಲೇ. ಮದುವೆ ಮನೆಗಳಲ್ಲಿ, ಕ್ಲಬ್ಬಿನ ಊಟಗಳಲ್ಲಿ ಅವಳು ಡೆಸ್‌ನ ದನಿ ತೆಗೆದು ಅದನ್ನು ಹೇಳಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇಪ್ಪತ್ತು ವರ್ಷ ನಗಿಸಿದಳು.

ಈಗ ಡೆಸ್ ಆ ಪ್ರಶ್ನೆಯನ್ನು ವಾರಕ್ಕೆರಡು ಸಲ ಕೇಳುತ್ತಾನೆ. ಅರವತ್ತು ದಾಟಿದೆ, ಅಷ್ಟೇ. ಮಧ್ಯಾಹ್ನವಾದರೆ ಮನೆಯ ಚಪ್ಪಲಿಯಲ್ಲೇ ಚೀಲ ಹಿಡಿದು ಗೇಟಿನ ಬಳಿ ನಿಲ್ಲುತ್ತಾನೆ, ಅಭ್ಯಾಸಕ್ಕೆ ಕರೆದೊಯ್ಯಲು ಬಸ್ಸು ಬರುತ್ತದೆಂದು. ತಲೆಗೆ ಬಿದ್ದ ಏಟುಗಳೇ ಕಾರಣವೆಂದು ನಗರದ ಆಸ್ಪತ್ರೆಯ ತಜ್ಞೆ ಹೇಳಿದ ದಿನದಿಂದ ಏವ್ರಿಲ್ ಆ ಕಥೆಯನ್ನು ಬಾಯಿಗೆ ತಂದಿಲ್ಲ. ಊರು ಮಾತ್ರ ಅದನ್ನು ಹೇಳುವುದು ಬಿಟ್ಟಿಲ್ಲ.

ಅವರ ಮಗ ಜೋಯಲ್‌ನಿಗೆ ಇಪ್ಪತ್ತೇಳು. ಅಪ್ಪ ಆಡಿದ ಜಾಗದಲ್ಲೇ ಸ್ಕೆಲ್ಬಿಗೆ ಆಡುತ್ತಿದ್ದ, ಗಣಿ ಇಲ್ಲದ್ದರಿಂದ ಅದೇ ಅವನ ಹೊಟ್ಟೆಪಾಡು. ಆ ಶುಕ್ರವಾರದ ಹಿಂದಿನ ಶನಿವಾರ ಅವನ ತಲೆ ಎದುರಾಳಿಯ ಸೊಂಟದ ಮೂಳೆಗೆ ಬಡಿಯಿತು. ಎದ್ದ, ಆಗಷ್ಟೇ ಹುಟ್ಟಿದ ಕರುವಿನಂತೆ ಕಾಲು ಮಡಚಿತು, ಮತ್ತೆ ಎದ್ದ. ಈಗಿನ ನಿಯಮದಂತೆ ಒಳಗೆ ಕರೆದೊಯ್ದು ತಲೆಯ ಪರೀಕ್ಷೆ ಮಾಡಿದರು. ಪಾಸಾಗಿ ಹೊರಗೆ ಬಂದ. ಸ್ಟ್ಯಾಂಡು ಎದ್ದು ನಿಂತು ಚಪ್ಪಾಳೆ ತಟ್ಟಿತು.

ಮರುದಿನ ಅಪ್ಪನನ್ನು ನೋಡಲು ಬಂದವನು ಚಹಾ ಮಾಡುತ್ತೇನೆಂದು ಅಡುಗೆ ಕೋಣೆಗೆ ಹೋದ. ಎಷ್ಟು ಹೊತ್ತಾದರೂ ಚಹಾ ಬರಲಿಲ್ಲ. ಏವ್ರಿಲ್ ಹೋಗಿ ನೋಡಿದರೆ ಪರದೆ ಎಳೆದು, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಕೆಟಲ್ ಹುಡುಕುತ್ತಿದ್ದ. ಕೆಟಲ್ ಫ್ರಿಜ್ಜಿನೊಳಗಿತ್ತು. ಇಟ್ಟವನು ಅವನೇ.

"ನಿನ್ನೆ ಅದು ಹೇಗೋ ಪಾಸಾದೆ ನೀನು?" ಎಂದಳು.

ಜೋಯಲ್ ನಕ್ಕ. "ಅದಾ? ಸೀಸನ್ ಶುರುವಾಗೋಕ್ ಮುಂಚೆ ಒಂದ್ ಪರೀಕ್ಷೆ ಮಾಡ್ತಾರಮ್ಮ, ತಲೆ ನೆಟ್ಟಗಿದ್ದಾಗ ಎಷ್ಟು ಚುರುಕು ಅಂತ. ಒಂದಷ್ಟು ಪದ ಹೇಳ್ತಾರೆ, ತಿರುಗಿಸಿ ಒಪ್ಪಿಸ್ಬೇಕು. ತಿಂಗಳುಗಳ್ನ ಹಿಂದಿಂದ ಹೇಳ್ಬೇಕು. ಒಂಟಿ ಕಾಲಲ್ಲಿ ನಿಲ್ಬೇಕು. ಆವಾಗ್ಲೇ ದಡ್ಡನ ಥರ ಆಡ್ಬಿಡೋದು. ನಾಲ್ಕು ಪದ ಹೇಳಿ ಉಳಿದದ್ದು ಮರ್ತೋಯ್ತು ಅನ್ನೋದು, ಸ್ವಲ್ಪ ತೂರಾಡೋದು. ಆಮೇಲೆ ಏಟು ಬಿದ್ದಾಗ ಆ ಮಾರ್ಕಿಗೇ ಹೋಲಿಸ್ತಾರೆ. ಎಂಥಾ ಏಟು ಬಿದ್ದೋನೂ ನಾಲ್ಕು ಪದ ಹೇಳ್ತಾನೆ."

"ಡಾಕ್ಟರಿಗೆ ಅನುಮಾನ ಬರಲ್ವಾ?"

"ಮುಂಚೂಣಿಯೋರು ಹುಟ್ಟಾ ದಡ್ಡರು ಅಂತ ಅವ್ರಿಗೆ ಮೊದ್ಲಿಂದ್ಲೂ ಗ್ಯಾರಂಟಿ." ಶಾಲೆಯಲ್ಲಿ ಮೇಷ್ಟ್ರಿಗೆ ಟೋಪಿ ಹಾಕಿ ಬಂದ ಹುಡುಗನ ಹೆಮ್ಮೆ ಅವನ ಮುಖದಲ್ಲಿತ್ತು. "ಎಲ್ರೂ ಮಾಡ್ತೀವಮ್ಮ. ಹಳಬರು ಹೊಸಬರಿಗೆ ಹೇಳ್ಕೊಡ್ತಾರೆ."

ಏವ್ರಿಲ್ ಪರದೆ ಸರಿಸಿದಳು. ಗೇಟಿನ ಬಳಿ ಚೀಲ ಹಿಡಿದು ನಿಂತಿದ್ದ ಗಂಡನ ಬೆನ್ನು ಕಿಟಕಿಯಿಂದ ಕಾಣುತ್ತಿತ್ತು. "ಶುಕ್ರವಾರ ನೀನು ಆಡಬೇಡ," ಎಂದಳು.

"ದೊಡ್ಡ ಕ್ಲಬ್ಬಿನೋರು ಶುಕ್ರವಾರ ನನ್ನ ನೋಡೋಕೆ ಬರ್ತಿದಾರೆ. ಈ ವರ್ಷ ನನ್ನ ಕರಾರು ಮುಗಿಯುತ್ತೆ. ಆಡ್ದೆ ಏನ್ ಮಾಡ್ಲಿ, ಪೈ ಮಾರ್ಲಾ?" ಎಂದವನು ಅವಳ ಮುಖ ನೋಡಿ ನಗು ನಿಲ್ಲಿಸಿದ. "ಅಮ್ಮ, ಬಾಯಿ ಬಿಟ್ರೆ ನಾನೊಬ್ನೇ ಅಲ್ಲ, ಟೀಮಿಗೆ ಟೀಮೇ ಸಿಕ್ಕಾಕ್ಕೊಳುತ್ತೆ. ನೀನು ಹೇಳಿದ್ರೆ ನಾನು ನಿನ್ನ ಮಗ ಅಲ್ಲ. ತಿಳೀತಾ?"

ಮಂಗಳವಾರ ಅವಳು ಕ್ಲಬ್ಬಿಗೆ ಹೋದಳು. ಗುಟ್ಟು ಬಿಡದೆ, ತಾಯಿಯಾಗಿ ಕೇಳಿ ನೋಡೋಣ ಎಂದುಕೊಂಡಳು. ಅವನ ಕಣ್ಣು ಬೆಳಕಿಗೆ ನಿಲ್ಲುತ್ತಿಲ್ಲ, ಶುಕ್ರವಾರ ಕೂರಿಸಿ ಎಂದಳು. ಕೋಚ್ ಕೈ ಚೆಲ್ಲಿದ: "ಡಾಕ್ಟ್ರು ಆಡಬಹುದು ಅಂದ್ರೆ ಆಡಿಸ್ತೀನಿ ಏವ್ರಿಲ್, ನಾನೇನು ಡಾಕ್ಟ್ರಾ?" ಡಾಕ್ಟರು ವಾರಕ್ಕೊಮ್ಮೆ ಬರುವ ತೆಳ್ಳಗಿನ ಮನುಷ್ಯ. "ಪಾಸಾಗಿದ್ದಾನಲ್ಲ ಮಿಸೆಸ್ ಥ್ಯಾಕ್ರೆ. ಏನೂ ಆಗ್ತಿಲ್ಲ ಅಂತ ಅವನೇ ಹೇಳ್ತಾನೆ. ನಾನು ಅವನ ತಲೆಯೊಳಗೆ ಹೊಕ್ಕು ನೋಡೋಕಾಗುತ್ತಾ?" ಅಧ್ಯಕ್ಷ ನಿಯಮ ಮಾಡುವುದು ಲೀಗಿನವರು, ತಾವಲ್ಲ ಎಂದ. ಲೀಗಿನ ಕಚೇರಿಗೆ ಫೋನು ಮಾಡಿದರೆ ಒಬ್ಬಳು ಹುಡುಗಿ ಜೇನಿನಂಥ ದನಿಯಲ್ಲಿ, ಆಟಗಾರರ ಸುರಕ್ಷತೆಯೇ ತಮಗೆ ಎಲ್ಲಕ್ಕಿಂತ ಮೊದಲು, ಆದರೆ ಅದರ ಜವಾಬ್ದಾರಿ ಕ್ಲಬ್ಬಿನದು ಎಂದಳು. ರಗ್ಬಿಯಲ್ಲಿ ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ, ಹಿಂದಿರುವವನಿಗೇ ಕೊಡಬೇಕು. ಕಚೇರಿಗಳಲ್ಲೂ ಅದೇ ಆಟ ನಡೆದಿತ್ತು. ವ್ಯತ್ಯಾಸವೆಂದರೆ ಅಲ್ಲಿ ಯಾರ ತಲೆಯೂ ಯಾವುದಕ್ಕೂ ಬಡಿಯುತ್ತಿರಲಿಲ್ಲ.

ಅವಳು ಬಾಗಿಲು ದಾಟುವಾಗ ಅಧ್ಯಕ್ಷ ಹಿಂದಿನಿಂದ ಕರೆದ. "ಶುಕ್ರವಾರ ಅರ್ಧ ಆಟದ ಹೊತ್ತಿಗೆ ಡೆಸ್‌ನ ಕರ್ಕೊಂಡು ಬಾ. ಸನ್ಮಾನ ಮಾಡ್ತೀವಿ. ಆ ಸೆಮಿಫೈನಲ್ ವಿಡಿಯೊ ಹುಡುಕ್ಸಿದೀನಿ, ದೊಡ್ಡ ಪರದೆ ಮೇಲೆ ಹಾಕ್ತೀವಿ. ಜನ ನಕ್ಕೂ ನಕ್ಕೂ ಸಾಯ್ಬೇಕು." ಅವಳು ಬಾಗಿಲೆಳೆದುಕೊಂಡು ಹೊರಟಳು. ನಿಂತು ಉತ್ತರ ಕೊಟ್ಟಿದ್ದರೆ ಅದರ ಜೊತೆ ಗುಟ್ಟೂ ಹೊರಗೆ ಬಂದುಬಿಡುತ್ತಿತ್ತು.

ಶುಕ್ರವಾರ ಸಂಜೆ ಡೆಸ್‌ಗೆ ಕ್ಲಬ್ಬಿನ ಹಸಿರು ಕೋಟು ತೊಡಿಸಿದಳು. ಅದನ್ನು ಕಂಡರೆ ಅವನ ಮುಖ ಇವತ್ತಿಗೂ ಅರಳುತ್ತದೆ, ಅದಕ್ಕಾಗಿಯೇ ಅವಳು ಸನ್ಮಾನಕ್ಕೆ ಒಪ್ಪಿದ್ದಳು. ಮೊದಲ ಅರ್ಧ ಪೂರ್ತಿ ಜೋಯಲ್ ಆಡಿದ. ಗಂಡನನ್ನು ಕಿಟಕಿಯೊಳಗೆ ಪಕ್ಕದಲ್ಲೇ ಕೂರಿಸಿಕೊಂಡು ಅವಳು ಪೈ ಕೊಡುತ್ತಲೇ ಮಗ ಬಿದ್ದದ್ದನ್ನೆಲ್ಲ ಎಣಿಸಿದಳು. ಅರ್ಧ ಆಟವಾದಾಗ, ಸಾಲು ಇದ್ದ ಹಾಗೇ ಕಿಟಕಿ ಮುಚ್ಚಿ, ಗಂಡನ ಕೈ ಹಿಡಿದು ಮೈದಾನದ ನಡುವೆ ಬಂದು ನಿಂತಳು. ಘೋಷಣೆಗಾರ ಡೆಸ್‌ನ ಹೆಸರು ಕೂಗಿದ, ಊರು ಮೊರೆಯಿತು, ಪರದೆಯ ಮೇಲೆ ಎಂಬತ್ತೆಂಟು ಹತ್ತಿಕೊಂಡಿತು.

ತೋಳು ಬಡಿಯಿತು. ಗೂಳಿ ಕತ್ತಿನ ಹುಡುಗನೊಬ್ಬ ಬಿದ್ದ. ವಿಲ್ಫ್ ಬಕೆಟ್ಟು ಹಿಡಿದು ಓಡಿ ಬಂದ, ಜನ ಆಗಲೇ ನಗಲು ಶುರುಮಾಡಿದರು. ಹುಡುಗ ಎದ್ದು ಎದುರಾಳಿಗಳ ಸಾಲಿಗೆ ನಡೆದಾಗ ಸ್ಟ್ಯಾಂಡು ನಗುವಿನಲ್ಲಿ ಕುಲುಕಿತು. ಡೆಸ್ ಮಾತ್ರ ನಗಲಿಲ್ಲ. ಹುಬ್ಬು ಗಂಟಿಕ್ಕಿ ಪರದೆಯನ್ನೇ ನೋಡುತ್ತಿದ್ದ.

"ಯಾರು ಆ ಹುಡುಗ?" ಎಂದ. ಮೈಕು ಹತ್ತಿರವೇ ಇತ್ತು, ಮಾತು ಮೈದಾನಕ್ಕೆಲ್ಲ ಕೇಳಿಸಿತು.

"ಯಾರು ಅಂತೀರಲ್ಲ ಡೆಸ್!" ಎಂದ ಘೋಷಣೆಗಾರ, ನಗುತ್ತ.

"ಅವ್ನಿಗೆ ಹುಷಾರಿಲ್ಲ ಕಣ್ರೋ. ಕಣ್ಣು ನೋಡಿ, ಎಲ್ಲೋ ಇದೆ. ಯಾಕೆ ಎಬ್ಬಿಸ್ತೀರಾ? ಅವ್ನಿಗೆ ಹೇಳೋರು ಕೇಳೋರು ಯಾರೂ ಇಲ್ವಾ? ಆ ಹುಡುಗನ್ನ ಮನೆಗೆ ಕಳಿಸಿ."

ಜನ ಇನ್ನೂ ಜೋರಾಗಿ ನಕ್ಕರು. ಡೆಸ್ ಥ್ಯಾಕ್ರೆ ಹಾರಿಸಿದ ಜೋಕುಗಳಲ್ಲೇ ಇದು ಅತ್ಯುತ್ತಮ ಎಂದುಕೊಂಡರು. ಏವ್ರಿಲ್ ಸ್ಟ್ಯಾಂಡನ್ನು ನೋಡಿದಳು. ಬಾಯಿ ತೆರೆದ ಸಾವಿರಾರು ಮುಖಗಳು, ಪಕ್ಕದ ಮನೆಯವರು, ಅವಳ ಕೈಯಿಂದ ಪೈ ತಿಂದು ಬೆಳೆದವರು. ಈ ನಗುವಿಗೆ ಇಪ್ಪತ್ತು ವರ್ಷ ಉಪ್ಪು ಖಾರ ಹಾಕಿದವಳು ತಾನೇ ಎಂದು ನೆನಪಾಯಿತು. ಅವರ ಮೇಲೆ ಕೋಪ, ತನ್ನ ಮೇಲೆ ಕೋಪ, ಸತ್ತು ಮಣ್ಣಾದ ವಿಲ್ಫ್‌ನ ಬಕೆಟ್ಟಿನ ಮೇಲೂ ಕೋಪ.

"ಇವರನ್ನ ಹಿಡ್ಕೊಂಡು ನಿಂತಿರು, ಬಿಡಬೇಡ," ಎಂದು ಗಂಡನ ಕೈಯನ್ನು ಘೋಷಣೆಗಾರನ ಕೈಗಿಟ್ಟು ನಡೆದಳು.

ಆಟಗಾರರು ಎರಡನೆಯ ಅರ್ಧಕ್ಕೆಂದು ಸುರಂಗದ ಬಾಯಲ್ಲಿ ಸಾಲಾಗಿ ನಿಂತಿದ್ದರು. ಜೋಯಲ್ ಅಮ್ಮನ ಮುಖ ನೋಡಿದ್ದೇ ತಡ, "ಅಮ್ಮ, ಬೇಡ," ಎಂದ. ಅವಳು ಅವನನ್ನು ದಾಟಿ ಡಾಕ್ಟರ ಮುಂದೆ ನಿಂತಳು. ದನಿ ಏರಿಸಲಿಲ್ಲ. ಸೀಸನ್ನಿನ ಮೊದಲ ಪರೀಕ್ಷೆಯಲ್ಲಿ ಹುಡುಗರು ಬೇಕೆಂದೇ ತಪ್ಪು ಹೇಳುವುದನ್ನು, ನಾಲ್ಕು ಪದದ ಲೆಕ್ಕವನ್ನು, ಫ್ರಿಜ್ಜಿನೊಳಗಿನ ಕೆಟಲನ್ನು, ಒಂದನ್ನೂ ಬಿಡದೆ ಹೇಳಿದಳು. ಸಾಲಿನಲ್ಲಿದ್ದವರು ನೆಲ ನೋಡಿದರು. ಕೋಚ್ ಬೇರೆಲ್ಲೋ ನೋಡಿದ.

ಡಾಕ್ಟರ ಮುಖ ಬಿಳಿಚಿಕೊಂಡಿತು. ಆ ಮುಖ ನೋಡಿಯೇ ಅವಳಿಗೆ ತಿಳಿಯಿತು, ಇದು ಅವರಿಗೆ ಅರ್ಧ ಗೊತ್ತಿತ್ತು, ಇನ್ನರ್ಧ ಬೇಡವಾಗಿತ್ತು. "ಮಿಸೆಸ್ ಥ್ಯಾಕ್ರೆ," ಎಂದರು ಮೆಲ್ಲಗೆ, "ಇದನ್ನ ನನಗ್ಯಾಕೆ ಹೇಳಿದಿರಿ?"

"ಇನ್ಮೇಲೆ ನೀವು ಗೊತ್ತಿರಲಿಲ್ಲ ಅನ್ನೋಹಾಗಿಲ್ಲ," ಎಂದಳು. "ಅದಕ್ಕೇ ಹೇಳಿದೆ."

ಡಾಕ್ಟರು ಒಂದು ಕ್ಷಣ ಕೋಚ್‌ನ ಕಡೆ ನೋಡಿದರು. ಚೆಂಡು ಎಸೆಯಲು ಹಿಂದೆ ಯಾರೂ ಉಳಿದಿರಲಿಲ್ಲ. ಜೋಯಲ್‌ನ ಎದೆಗೆ ಕೈಯಿಟ್ಟು ತಡೆದರು.

ಜೋಯಲ್ ಕೂಗಾಡಲಿಲ್ಲ. ಅಮ್ಮನ ಹತ್ತಿರ ಬಂದು, ಅಜ್ಜ ಯಾವ ಮಾತನ್ನು ತಮ್ಮನಿಗೆ ಅಂದಿದ್ದನೋ ಆ ಒಂದೇ ಮಾತನ್ನು ಅಂದ. "ಸ್ಕ್ಯಾಬ್."

ಸ್ಕೆಲ್ಬಿ ಆ ದಿನ ಸೋತಿತು. ಮುಂದಿನ ವಾರ ಇಡೀ ತಂಡಕ್ಕೆ ಮತ್ತೆ ಪರೀಕ್ಷೆಯಾಗಿ ಇನ್ನೂ ಕೆಲವರು ಹೊರಗೆ ಕೂತರು. ದೊಡ್ಡ ಕ್ಲಬ್ಬಿನವರು ಜೋಯಲ್‌ನ ಹೆಸರು ಮತ್ತೆ ಎತ್ತಲಿಲ್ಲ. ಅವನೀಗ ಹಲ್ ನಗರದಲ್ಲಿ ಸಾಮಾನು ತಲುಪಿಸುವ ವ್ಯಾನು ಓಡಿಸುತ್ತಾನೆ. ಅಧ್ಯಕ್ಷ ಪತ್ರಿಕೆಯವರ ಮುಂದೆ ಆಟಗಾರರ ಪ್ರಾಮಾಣಿಕತೆಯ ಬಗ್ಗೆ ಉದ್ದುದ್ದ ಮಾತಾಡಿದ. ಅವನ ಕುರ್ಚಿ ಹಾಗೇ ಇದೆ, ಕೋಚ್‌ನದೂ ಹಾಗೇ ಇದೆ, ಲೀಗಿನ ಫೋನಿನಲ್ಲಿ ಆ ಜೇನು ದನಿಯೂ ಇದೆ. ಕಳೆದುಕೊಂಡವರು ತಾಯಿ ಮಗ ಇಬ್ಬರೇ. ಪೈ ಕಿಟಕಿಯ ಬಾಗಿಲ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಆ ಮಾತನ್ನು ಬರೆದರು. ಅವಳು ಒರೆಸಲಿಲ್ಲ, ಮಳೆ ಒರೆಸಿತು. ಪಂದ್ಯದ ದಿನ ಈಗಲೂ ಕಿಟಕಿ ತೆರೆಯುತ್ತಾಳೆ. ಸಾಲು ತಪ್ಪಿಸಬೇಡಿ ಎಂದು ಬೈಯುವುದಕ್ಕೆ ಸಾಲೇ ಇರುವುದಿಲ್ಲ.

ಮೊನ್ನೆ ಪಕ್ಕದ ಮನೆಯ ನೋರೀನ್ ಬೇಲಿಯ ಮೇಲಿಂದ ಮಾತಿಗೆ ಬಂದಳು. ವರ್ಷದಲ್ಲಿ ಮೊದಲ ಸಲ. ಡೆಸ್ ಎಂದಿನಂತೆ ಗೇಟಿನ ಬಳಿ ನಿಂತಿದ್ದ. ಏವ್ರಿಲ್ ಅವನ ಕೋಟಿನ ಗುಂಡಿ ಹಾಕುತ್ತಿದ್ದಳು.

"ಜೋಯಲ್ ಫೋನು ಗೀನು ಮಾಡ್ತಾನಾ?" ಎಂದಳು ನೋರೀನ್.

"ಇಲ್ಲ."

"ಬಿಡೇ, ಎಷ್ಟಾದ್ರೂ ಮಗ. ಇನ್ನೊಂದೆರಡು ವರ್ಷಕ್ಕೆ ಎಲ್ಲಾ ಮರೀತಾನೆ."

ಏವ್ರಿಲ್‌ಳ ಕೈ ಗುಂಡಿಯ ಮೇಲೆಯೇ ನಿಂತಿತು. ಡೆಸ್ ಅವಳನ್ನು ನೋಡಿ, ಬಹಳ ಮರ್ಯಾದೆಯಿಂದ, "ನೀವು ಯಾರ ಮನೆ ಹುಡುಗಿ?" ಎಂದು ಕೇಳಿದ.

"ಮರೀಬಾರದು," ಎಂದಳು ಅವಳು ನೋರೀನ್‌ಗೆ. "ಅರವತ್ತಾದ್ಮೇಲೂ ನನ್ನ ಹೆಸರು ಹೇಳಿ ಉಗೀಲಿ. ನನ್ನ ಹೆಸರು ನೆನಪಿದ್ರೆ ಸಾಕು."