ಸ್ಟುಡಿಯೋದವರು ಅಳಿಸಿದ ಕೃತ್ತಿಕೆ

ಆಗ ನಾವಿದ್ದದ್ದು ಯಲಹಂಕದ ಪುಟ್ಟೇನಹಳ್ಳಿ ಕೆರೆಯ ಹತ್ತಿರ. ೨೦೧೦ರ ಸುಮಾರು. ಸಂಜೆ ಏಳಕ್ಕೆ ಕರೆಂಟ್ ಹೋದರೆ ಬೀದಿಯವರೆಲ್ಲ ಶಾಪ ಹಾಕುತ್ತಿದ್ದರು. ನಾನೊಬ್ಬಳು ಮಾತ್ರ ಕುಕ್ಕರ್ ಇಳಿಸಿ ತಾರಸಿಗೆ, ನನ್ನ ಟೆಲಿಸ್ಕೋಪಿನ ಹತ್ತಿರ ಓಡುತ್ತಿದ್ದೆ. ಬೀದಿ ದೀಪ ಆರಿದರೆ ತಾನೇ ನಕ್ಷತ್ರ ಕಾಣುವುದು?

ಕೃತ್ತಿಕೆಯನ್ನು ಮೊಟ್ಟಮೊದಲ ಸಲ ಅದರಲ್ಲಿ ನೋಡಿದಾಗ "ಅಯ್ಯೋ ದೇವರೇ" ಅಂದುಬಿಟ್ಟಿದ್ದೆ. ಬರಿಗಣ್ಣಿಗೆ ಆರು ಚುಕ್ಕಿ, ಎಣಿಸಿದರೆ ಮುಗಿಯಿತು. ಇಲ್ಲಿ ನೋಡಿದರೆ ಆ ಆರರ ಸುತ್ತ, ನಡುವೆ, ಹಿಂದೆ, ರಾಶಿ ರಾಶಿ. ಉಸಿರು ಬಿಡಲೂ ಹೆದರಿಕೆಯಾಯಿತು. ಇದನ್ನು ಅಪ್ಪನಿಗೆ ತೋರಿಸಲೇಬೇಕು ಅನ್ನಿಸಿತು.

ಆದರೆ ಅಪ್ಪನ ಮಂಡಿ ಕೈಕೊಟ್ಟಿತ್ತು. ತಾರಸಿಗೆ ಇದ್ದದ್ದು ಕಬ್ಬಿಣದ ಏಣಿ. ಅಂಗಳದಿಂದ ತೋರಿಸೋಣವೆಂದರೆ ಪಕ್ಕದ ಮನೆಯ ಮಾವಿನ ಮರ ಆಕಾಶವನ್ನೇ ಮುಚ್ಚಿತ್ತು. ಹಾಗಾದರೆ ಫೋಟೊ ತೆಗೆದು ನಕ್ಷತ್ರಗಳನ್ನೇ ಕೆಳಗಿಳಿಸುತ್ತೇನೆ ಅಂತ ಹಟ ಹಿಡಿದೆ. ಮನೆಯಲ್ಲಿದ್ದದ್ದು ಹುಟ್ಟುಹಬ್ಬ, ನಾಮಕರಣಕ್ಕೆ ಹೊರಬರುವ ಸಣ್ಣ ಡಿಜಿಟಲ್ ಕ್ಯಾಮೆರಾ. ಅಪ್ಪ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಓಡಿಸಿದವರು. ಕ್ಯಾಮೆರಾವನ್ನು ಟೆಲಿಸ್ಕೋಪಿನಲ್ಲಿ ಕಣ್ಣಿಡುವ ತುದಿಗೆ ಕೂರಿಸಲು, ಪರಿಚಯದವರ ವರ್ಕ್‌ಶಾಪಿನಲ್ಲಿ ಆ ಮಂಡಿನೋವಲ್ಲೇ ನಿಂತು ಅಲ್ಯೂಮಿನಿಯಂ ಬಳೆಯೊಂದನ್ನು ಕಡೆದು ತಂದುಕೊಟ್ಟರು. ನಾನು ಇಳಿದು ಬಂದ ಕೂಡಲೇ "ಏನ್ ಸಿಕ್ತಮ್ಮಾ?" ಅಂತ ಕೇಳುತ್ತಿದ್ದರು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅವರ ಕಣ್ಣಿಗೆ ಏನೂ ಹತ್ತುತ್ತಿರಲಿಲ್ಲ.

ಕ್ಯಾಮೆರಾದ ಕಣ್ಣನ್ನು ಎರಡು ಸೆಕೆಂಡಿಗಿಂತ ಹೆಚ್ಚು ತೆರೆದಿಟ್ಟರೆ, ಭೂಮಿ ತಿರುಗುವುದರಿಂದ ಚುಕ್ಕಿಗಳು ಗೆರೆಗಳಾಗುತ್ತವೆ. ಬೆರಳು ತಾಗಿದರೂ ಅಲುಗುತ್ತದೆ, ಹಾಗಾಗಿ ಟೈಮರ್ ಇಟ್ಟು ಕೈಕಟ್ಟಿ ನಿಲ್ಲಬೇಕು. ತಿಂಗಳು ಒದ್ದಾಡಿದ ಮೇಲೆ, ಯಲಹಂಕಕ್ಕೆ ಯಲಹಂಕವೇ ಕತ್ತಲಾದ ಒಂದು ಸಂಜೆ, ಒಂದೇ ಒಂದು ಫೋಟೊ ಸರಿಯಾಗಿ ಬಂತು. ದೊಡ್ಡದಾಗಿ ಪ್ರಿಂಟ್ ಹಾಕಿಸಲು ಕ್ಯಾಮೆರಾದ ಮೆಮೊರಿ ಕಾರ್ಡನ್ನು ಪೇಟೆಯ ಸ್ಟುಡಿಯೋದಲ್ಲಿ ಕೊಟ್ಟೆ.

ಸ್ಟುಡಿಯೋದವರು ಮನೆಯಲ್ಲಿ ಉರ್ದು ಮಾತಾಡುವ, ಬಹಳ ಮೆದು ಮನುಷ್ಯ. ಮದುವೆ ಹೆಣ್ಣಿನ ಮೊಡವೆ, ಕಲೆಗಳನ್ನು ಕಂಪ್ಯೂಟರಿನಲ್ಲಿ ಗುರುತೇ ಸಿಗದಂತೆ ತೆಗೆಯುವುದರಲ್ಲಿ ಎತ್ತಿದ ಕೈ. ಮರುದಿನ ಪ್ರಿಂಟ್ ಕೈಗಿಟ್ಟರು. ಕಪ್ಪು ಹಾಳೆ, ಅದರಲ್ಲಿ ಆರೇ ಆರು ಚುಕ್ಕಿ.

"ತುಂಬಾ ಧೂಳಿತ್ತು ಮೇಡಂ. ಮೂರು ಗಂಟೆ ಕೂತು ಒಂದೊಂದೇ ಕ್ಲೀನ್ ಮಾಡ್ದೆ," ಎಂದರು.

ಹೆಮ್ಮೆ ಬೇರೆ. ಮೂಲ ಫೋಟೊದ ಮೇಲೇ ಸೇವ್ ಮಾಡಿ, ನನಗೆ ಅನುಕೂಲವಾಗಲೆಂದು ಕಾರ್ಡನ್ನೂ ಖಾಲಿ ಮಾಡಿದ್ದರು. ನನಗೆ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದದ್ದೆಲ್ಲ ಅಂದೆ, ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಂತೆ. ಅವು ಧೂಳಲ್ಲ, ನಕ್ಷತ್ರ ಅಂದರೆ ಆ ಮನುಷ್ಯ ನಂಬಲೊಲ್ಲರು. ಸಂಜೆ ಮನೆಗೆ ಬನ್ನಿ, ನಿಮ್ಮ ಕಣ್ಣಲ್ಲೇ ನೋಡಿ ಅಂತ ಸವಾಲು ಹಾಕಿ ಬಂದೆ.

ಬಂದರು. ನನ್ನ ಪುಣ್ಯಕ್ಕೆ ಕರೆಂಟೂ ಹೋಯಿತು. ಏಣಿ ಹತ್ತಿ, ಕನ್ನಡಕ ತೆಗೆದು, ಟೆಲಿಸ್ಕೋಪಿಗೆ ಕಣ್ಣಿಟ್ಟರು. ಇನ್ನೂ ನಾಲ್ಕು ಬೈಯಲು ತಯಾರಾಗಿ ನಾನು ಪಕ್ಕದಲ್ಲೇ ನಿಂತಿದ್ದೆ. ಕಣ್ಣು ತೆಗೆಯದೆಯೇ ಕೇಳಿದರು.

"ಇಷ್ಟನ್ನೂ ನಾನೇ ಅಳಿಸಿದ್ನಾ ಮೇಡಂ?"

ಹೂಂ ಅನ್ನಲು ಮನಸ್ಸು ಬರಲಿಲ್ಲ. ಬನ್ನಿ, ಇನ್ನೊಂದು ಸಲ ತೆಗೆಯೋಣ ಅಂದೆ. ಕಸುಬು ಕಸುಬೇ ನೋಡಿ: ಬಳೆಗೂ ಕ್ಯಾಮೆರಾಗೂ ನಡುವೆ ಬೆಳಕು ಸೋರುವ ಸಂದನ್ನು ಬೆರಳಾಡಿಸಿಯೇ ಪತ್ತೆ ಹಚ್ಚಿ ತಮ್ಮ ಕರವಸ್ತ್ರ ಸುತ್ತಿದರು. ಟೈಮರ್ ಓಡುವಾಗ ಇಬ್ಬರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ಹತ್ತು ಹದಿನೈದು ಸಲ ತೆಗೆದಿರಬೇಕು. ಕರೆಂಟ್ ಬರುವಷ್ಟರಲ್ಲಿ ಒಂದು ಸಿಕ್ಕಿತು. ನನ್ನದಕ್ಕಿಂತ ಚೆನ್ನಾಗಿತ್ತು, ಒಪ್ಪಿಕೊಳ್ಳಬೇಕು.

ಮರುದಿನ ಮಧ್ಯಾಹ್ನ ಮೂರಕ್ಕೆ ಪ್ರಿಂಟ್ ಹಿಡಿದು ಅವರೇ ಮನೆಗೆ ಬಂದರು. ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು, ಭೂತಗನ್ನಡಿ ಹಿಡಿದು, ಒಂದು ಮೂಲೆಯಿಂದ ನೋಡುತ್ತ ಹೋದರು. ಎಣಿಸತೊಡಗಿದವರು ನಲವತ್ತು ದಾಟಿದ ಮೇಲೆ ಬಿಟ್ಟುಬಿಟ್ಟರು. ಕಣ್ಣು ತುಂಬಿತ್ತು. ಅಪ್ಪ ಅಳುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಇದೆಲ್ಲಾ ನಮ್ ಮನೆ ಮೇಲೇ ಇತ್ತಾ?"

ನಾನು ಬಾಯಿ ತೆರೆಯುವ ಮೊದಲೇ ಸ್ಟುಡಿಯೋದವರು ಹೇಳಿದರು: "ಈಗ್ಲೂ ಇದೆ ಸಾರ್. ಬಿಸಿಲಿಗೆ ಕಾಣ್ತಿಲ್ಲ, ಅಷ್ಟೇ."

ನಿಜವೇ. ಅದು ಜನವರಿ; ಆ ತಿಂಗಳಲ್ಲಿ ಕೃತ್ತಿಕೆ ಮಧ್ಯಾಹ್ನವೇ ಹುಟ್ಟುತ್ತದೆ. ಅಪ್ಪ ಕತ್ತೆತ್ತಿ, ತಿರುಗುವ ಫ್ಯಾನಿನಾಚೆ ಸೂರನ್ನೇ ನೋಡುತ್ತ ಕೂತರು.