ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಮೂಳೆ ಡಾಕ್ಟರು ನನ್ನ ಎಡ ಮೊಣಕಾಲಿನ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ನಡೀಬಹುದು, ಮೆಟ್ಟಿಲು ಹತ್ತೋದು ಕಡಿಮೆ ಮಾಡಿ. ಕ್ಲಚ್ ಮಾತ್ರ ಇನ್ಮೇಲೆ ಬೇಡ" ಎಂದರು. ನಾನು ಬೆಂಗಳೂರಿನಲ್ಲಿ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಕೊನೆಯ ಆರು ವರ್ಷ ಹೊಸದಾಗಿ ಸೇರಿದ ಚಾಲಕರಿಗೆ ಕಲಿಸಿದವನು. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ, ನಿಲ್ದಾಣದಿಂದ ನಿಲ್ದಾಣಕ್ಕೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಆ ಕೀಲು ಸವೆದಿತ್ತು. ಡಾಕ್ಟರ ಮಾತಿನಿಂದ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಆದರೂ ಮನೆಗೆ ಬರುವ ದಾರಿಯುದ್ದಕ್ಕೂ ನನಗೂ ಜೊತೆಗಿದ್ದ ನನ್ನ ಹೆಂಡತಿಗೂ ಅದೇ ಚಿಂತೆ.

ಕಾರಣವಿತ್ತು. ಜಡಿಗೇನಹಳ್ಳಿಯ ಪಕ್ಕದಲ್ಲಿ ನಮ್ಮದೊಂದು ನರ್ಸರಿ ಇದೆ. ಟೊಮೊಟೊ, ಎಲೆಕೋಸು, ದಪ್ಪ ಮೆಣಸಿನಕಾಯಿ, ಹೀಗೆ ರೈತರು ಕೇಳಿದ ಸಸಿಯನ್ನು ಟ್ರೇಗಳಲ್ಲಿ ಬೆಳೆಸಿ, ಹೇಳಿದ ದಿನಕ್ಕೆ ಅವರ ಹೊಲದ ಬದುವಿಗೇ ತಲುಪಿಸುತ್ತೇವೆ. ನರ್ಸರಿ ಅವಳದು. ನಾನು ಕೆಲಸದಲ್ಲಿದ್ದಾಗಲೇ ಅವಳು ಶುರು ಮಾಡಿದ್ದು. ನಿವೃತ್ತಿಯಾದ ಮೇಲೆ ಸಸಿ ಸಾಗಿಸುವುದು ನನ್ನ ಪಾಲಿಗೆ ಬಂತು. ಬೀಜ, ಗೊಬ್ಬರ, ನೀರು ಯಾವುದರಲ್ಲೂ ನಾನು ತಲೆಹಾಕುವಂತಿಲ್ಲ. ಸ್ಟೇರಿಂಗ್ ಕೈತಪ್ಪಿದರೆ ಪೇಪರ್ ಓದುವುದು ಬಿಟ್ಟು ನನಗೆ ಬೇರೆ ಕೆಲಸ ಉಳಿಯುತ್ತಿರಲಿಲ್ಲ.

ಎರಡು ವಾರ ಬಾಡಿಗೆ ಟೆಂಪೋದಲ್ಲಿ ಕಳಿಸಿ ನೋಡಿದೆವು. ಡ್ರೈವರು ಉರಿಬಿಸಿಲಲ್ಲಿ ಗಾಡಿ ನಿಲ್ಲಿಸಿ ಊಟಕ್ಕೆ ಹೋದ. ಎಲೆಕೋಸಿನ ಸಸಿ ಬೇಯಿಸಿದ ಸೊಪ್ಪಿನಂತೆ ಹೊಲ ತಲುಪಿತು. ಆಗ ನಾನು, ಹಳೆಯ ಗಾಡಿ ಮಾರಿ ಕ್ಲಚ್ ಇಲ್ಲದ ಪಿಕಪ್ ತರೋಣ ಎಂದೆ. ಅವಳು ಬೇಡವೆನ್ನಲಿಲ್ಲ.

ಬೆಂಗಳೂರಿನಲ್ಲಿ ಒಬ್ಬರು ಆಸೆಪಟ್ಟು ಕೊಂಡು, ಅಪಾರ್ಟ್‌ಮೆಂಟಿನಲ್ಲಿ ನಿಲ್ಲಿಸಲು ಜಾಗ ಸಾಲದೆ ಮಾರುತ್ತಿದ್ದ ಗಾಡಿ ಅದು. ಮೂರು ವರ್ಷ ಹಳೆಯದು. ಐದು ಜನ ಕೂರುವ ನಾಲ್ಕು ಬಾಗಿಲಿನ ಕ್ಯಾಬಿನ್, ಹಿಂದೆ ಸರಕಿಗೆ ತೆರೆದ ಜಾಗ, ದೊಡ್ಡ ಡೀಸೆಲ್ ಇಂಜಿನ್, ಬೇಕೆಂದಾಗ ನಾಲ್ಕೂ ಚಕ್ರ ಎಳೆಯುವ ಅನುಕೂಲ, ಆಟೊಮ್ಯಾಟಿಕ್ ಗೇರ್. ಪರೀಕ್ಷೆಗೆ ನನ್ನ ಗೆಳೆಯನನ್ನು ಕರೆದುಕೊಂಡು ಹೋದೆ. ಅವನು ನಮ್ಮ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು, ಈಗ ಸಮೇತನಹಳ್ಳಿಯಲ್ಲಿ ಹಸು ಕಟ್ಟಿಕೊಂಡಿದ್ದಾನೆ. ಒಳಗೆ ಇಣುಕಿದವನೇ ನಕ್ಕ.

"ಏನಯ್ಯಾ ಇದು, ಎರಡೇ ಪೆಡಲ್ಲು? ಇದನ್ನ ಓಡ್ಸಾಕೆ ನೀನ್ಯಾಕೆ? ನಮ್ಮನೆ ಹಸು ಕೂರ್ಸಿದ್ರೂ ಹೋಯ್ತದೆ."

"ಹಸು ಸುದ್ದಿ ಆಮೇಲೆ. ಮೊದ್ಲು ಕೆಳಗೆ ನುಗ್ಗಿ ನೋಡು."

ಅವನು ನೋಡುವ ಕ್ರಮ ನನಗೆ ಇಷ್ಟ. ಇಂಜಿನ್ ಬಿಸಿಯಾಗುವವರೆಗೆ ನನಗೆ ಗಾಡಿ ಓಡಿಸಲು ಹೇಳಿದ. ಬ್ರೇಕ್ ಒತ್ತಿ ಹಿಡಿಸಿ, ಗೇರಿನ ಕಡ್ಡಿಯನ್ನು ಮುಂದಕ್ಕೆ ಹೋಗುವ ಜಾಗಕ್ಕೂ ರಿವರ್ಸಿಗೂ ಹತ್ತು ಸಲ ಹಾಕಿಸಿದ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಜಗ್ಗುತ್ತದೆಯೇ ಎಂದು ಗಮನಿಸಿದ. ಆಮೇಲೆ ಮಾಲೀಕರನ್ನು ಕೇಳಿ, ಕೆಳಗೆ ಮಲಗಿ, ಗೇರ್ ಬಾಕ್ಸಿನ ತಿರುಪು ಸಡಿಲಿಸಿ ಒಂದು ಹನಿ ಎಣ್ಣೆಯನ್ನು ಬೆರಳಿಗೆ ತೆಗೆದುಕೊಂಡು ಮೂಸಿದ.

"ಸುಟ್ಟ ವಾಸ್ನೆ ಇಲ್ಲ ಕಣಯ್ಯ. ಕೆಂಪಗೇ ಐತೆ. ಈ ಪುಣ್ಯಾತ್ಮ ಗಾಡಿ ಓಡ್ಸೇ ಇಲ್ಲ, ಒರೆಸ್ಕೊಂಡು ಇಟ್ಟವ್ನೆ. ತಗೊ."

ತೆಗೆದುಕೊಂಡೆ. ಮೊದಲ ದೊಡ್ಡ ಓಟ ತುಮಕೂರಿನ ಕಡೆಗೆ, ಟ್ರೇಗೆ ತುಂಬುವ ತೆಂಗಿನ ನಾರಿನ ಪುಡಿ ತರಲು. ಪುಡಿಯನ್ನು ಗಟ್ಟಿಯಾಗಿ ಒತ್ತಿ ಮಾಡಿದ ಇಟ್ಟಿಗೆಗಳನ್ನು ಹಿಂದೆ ಅಂಚಿನ ಮಟ್ಟಕ್ಕೆ ತುಂಬಿಸಿಕೊಂಡು ಹೊರಟೆ. ಡಾಬಸ್‌ಪೇಟೆ ದಾಟಿದ ಮೇಲೆ ಒಂದು ಏರಿನಲ್ಲಿ ಮುಂದೆ ಕಲ್ಲು ತುಂಬಿದ ಲಾರಿ ಉಸಿರು ಬಿಡುತ್ತಾ ಹೋಗುತ್ತಿತ್ತು. ಹಳೆಯ ಗಾಡಿಯಾಗಿದ್ದರೆ ಮೂರನೇ ಗೇರಿಗೆ ಇಳಿಸಿ, ಅದೂ ಸಾಲದೆ ಎರಡಕ್ಕೆ ಇಳಿಸಿ ಒದ್ದಾಡಬೇಕಿತ್ತು. ಇಲ್ಲಿ ಬಲಗಾಲನ್ನು ಇನ್ನೊಂದಿಷ್ಟು ಊರಿದೆ. ಗೇರ್ ಬಾಕ್ಸ್ ಅರೆಗಳಿಗೆ ಯೋಚಿಸಿತು. ಆಮೇಲೆ ಒಂದು ಗೇರನ್ನು ತಾನೇ ಇಳಿಸಿಕೊಂಡಿತು, ಇಂಜಿನ್ನಿನ ಸದ್ದು ಏರಿತು, ಲಾರಿ ಎಡಕ್ಕೆ ಸರಿದು ಹಿಂದೆ ಉಳಿಯಿತು. ನಾನು ಇಳಿಸಿದ್ದರೂ ಅದೇ ಜಾಗದಲ್ಲಿ ಇಳಿಸುತ್ತಿದ್ದೆ. ನನ್ನ ಕೈಕೆಳಗೆ ಕಲಿತವರಲ್ಲಿ ಅಷ್ಟು ಸರಿಯಾಗಿ ಗೇರ್ ಇಳಿಸಿದವರು ಕೆಲವರೇ.

ನೆಲಮಂಗಲದಲ್ಲಿ ವಾಹನಗಳು ಜಾಮ್ ಆಗಿದ್ದವು. ಒಂದು ಗಂಟೆಗೂ ಹೆಚ್ಚು ಹೊತ್ತು ಆಮೆಯಂತೆ ಸಾಗಬೇಕಾಯಿತು. ಬ್ರೇಕ್ ಬಿಟ್ಟರೆ ಗಾಡಿ ಆಕ್ಸಿಲರೇಟರ್ ಮುಟ್ಟದೆಯೇ ಮೆಲ್ಲಗೆ ಸರಿಯುತ್ತದೆ, ಬ್ರೇಕ್ ಒತ್ತಿದರೆ ನಿಲ್ಲುತ್ತದೆ. ಅಷ್ಟೇ ಕೆಲಸ. ಎಡಗಾಲನ್ನು ಸೀಟಿನ ಕಡೆ ಮಡಚಿಟ್ಟು ಕುಳಿತಿದ್ದೆ. ಮನೆಗೆ ಬಂದು ಇಳಿದಾಗ ಬಾಗಿಲು ಹಿಡಿದುಕೊಳ್ಳದೆ ನಿಂತೆ. ಹೀಗೆ ನಿಂತು ಎಷ್ಟು ವರ್ಷವಾಗಿತ್ತೋ!

ಗಾಡಿಗೆ ಕೊರತೆಗಳಿಲ್ಲವೆಂದಲ್ಲ. ಹಿಂದೆ ತೂಕವಿಲ್ಲದಿದ್ದರೆ ಹಾಳು ರಸ್ತೆಯಲ್ಲಿ ಕುಪ್ಪಳಿಸುತ್ತದೆ. ಹೊಲದ ದಾರಿಯಲ್ಲಿ ತಿರುಗಿಸಬೇಕೆಂದರೆ ಮುಂದಕ್ಕೂ ಹಿಂದಕ್ಕೂ ಮೂರು ಸಲ ಆಡಿಸಬೇಕು. ಡೀಸೆಲ್ಲನ್ನು ಹಳೆಯದಕ್ಕಿಂತ ಜಾಸ್ತಿ ಕುಡಿಯುತ್ತದೆ. ಆದರೆ ಕೆರೆ ಏರಿಗೆ ಹತ್ತುವ ದಾರಿಯಲ್ಲಿ ತುಂಬಿದ ಗಾಡಿ ನಿಲ್ಲಿಸಿ ಮತ್ತೆ ಹೊರಡಿಸುವಾಗ ಹಿಂದಕ್ಕೆ ಒಂದು ಅಂಗುಲವೂ ಜಾರುವುದಿಲ್ಲ, ಕ್ಲಚ್ ಪ್ಲೇಟು ಸುಟ್ಟ ವಾಸನೆಯೂ ಇಲ್ಲ. ಅದೊಂದಕ್ಕೇ ನಾನು ಉಳಿದುದನ್ನೆಲ್ಲ ಕ್ಷಮಿಸಿದೆ. ಬೆಳಿಗ್ಗೆ ಐದೂವರೆಗೆ ಎದ್ದು ಟೈರಿನ ಗಾಳಿ, ಇಂಜಿನ್ ಎಣ್ಣೆ, ರೇಡಿಯೇಟರಿನ ನೀರು, ದೀಪ, ಕೊನೆಗೆ ಗಾಜು, ಈ ವರಸೆಯಲ್ಲಿ ನೋಡದೆ ನಾನು ಯಾವ ಗಾಡಿಯನ್ನೂ ಹೊರಡಿಸಿದವನಲ್ಲ. ಇದಕ್ಕೂ ಅದೇ ಕ್ರಮ ನಡೆಯಿತು.

ತಪ್ಪಾದದ್ದು ಒಂದು ತಿಂಗಳ ಮೇಲೆ. ಅಷ್ಟರಲ್ಲಿ ಗಾಡಿ ಕೈಗೆ ಹತ್ತಿತ್ತು, ಎಡಗಾಲನ್ನು ಮಡಚಿಡುವುದನ್ನು ಮರೆತಿದ್ದೆ. ಹಿಂದೆ ನಾಲ್ಕು ಅಂತಸ್ತಿನ ಕಬ್ಬಿಣದ ಚೌಕಟ್ಟು, ಅದರ ತುಂಬ ದಪ್ಪ ಮೆಣಸಿನಕಾಯಿ ಸಸಿಯ ಟ್ರೇಗಳು, ಪಕ್ಕದಲ್ಲಿ ನನ್ನ ಹೆಂಡತಿ. ನಮ್ಮೂರ ಹಾಲಿನ ಡೇರಿಯ ಮುಂದೆ ಒಂದು ಹಂಪ್ ಇದೆ. ನಿಧಾನ ಮಾಡಿದೆ. ಎಡಗಾಲು ಯಾರ ಅಪ್ಪಣೆಯನ್ನೂ ಕೇಳದೆ ಎದ್ದು, ಕ್ಲಚ್ ಇರಬೇಕಾದ ಜಾಗಕ್ಕೆ ಹೋಗಿ, ನೆಲಮಟ್ಟ ತುಳಿಯಿತು. ಅಲ್ಲಿದ್ದದ್ದು ಅಗಲವಾದ ಬ್ರೇಕ್ ಪೆಡಲು. ಗಾಡಿ ಗೋಡೆಗೆ ಗುದ್ದಿದಂತೆ ನಿಂತಿತು. ಹಿಂದಿನಿಂದ ಟ್ರೇಗಳು ಒಂದರ ಮೇಲೊಂದು ಬಿದ್ದ ಸದ್ದು ಕೇಳಿಸಿತು.

ಅವಳು ಇಳಿದು ಹೋದಳು. ಬುಡದ ಪುಡಿ ಉದುರಿ ಬಿದ್ದಿದ್ದ ಸಸಿಗಳನ್ನು ಒಂದೊಂದಾಗಿ ಅಂಗೈಗೆ ಎತ್ತಿಕೊಂಡಳು. ಉಳಿಯುವಂಥದ್ದನ್ನು ಟ್ರೇಯ ಗುಳಿಗೆ ಕೂರಿಸಿ, ಕುತ್ತಿಗೆ ಮುರಿದದ್ದನ್ನು ಪಕ್ಕಕ್ಕಿಟ್ಟಳು. ಪಕ್ಕಕ್ಕಿಟ್ಟದ್ದೇ ಹೆಚ್ಚಾಗಿತ್ತು.

"ಎಡಗಾಲು ತಾನೇ ಹೋಗ್ಬಿಡ್ತು ಕಣೇ" ಎಂದೆ.

"ಕಾಲು ನಿಮ್ದೇ ತಾನೆ? ಇಲ್ಲಾ ಪಕ್ಕದ್ಮನೆಯೋರದ್ದಾ?"

ಡೇರಿಯಲ್ಲಿ ಹಾಲು ಹಾಕುತ್ತಿದ್ದವರು ನಕ್ಕರು. ಅವಳು ನಗಲಿಲ್ಲ.

"ಇಪ್ಪತ್ತೈದು ದಿನ ಮಕ್ಳಂಗೆ ನೋಡ್ಕೊಂಡಿದೀನ್ರೀ ಇವನ್ನ. ಇವತ್ತು ಸಸಿ, ನಾಳೆ ಯಾರಾದ್ರೂ ಹಿಂದ್ಗಡೆಯಿಂದ ಬಂದು ಗುದ್ದಿದ್ರೆ? ಕುಂದಾಣದ ರೈತ್ರಿಗೆ ಕೊಡೋ ಲೋಡ್ ಮುಂದಿನ ತಿಂಗ್ಳು ಐತೆ. ಅಷ್ಟ್ರಲ್ಲಿ ಕಾಲು ಮಾತು ಕೇಳೋ ಹಂಗೆ ಮಾಡ್ಕೊಳ್ಳಿ. ಇಲ್ಲಾಂದ್ರೆ ಕೀ ನನ್ ಕೈಗೆ ಕೊಡಿ, ನೆರಳಲ್ಲಿ ಗಾಡಿ ನಿಲ್ಸೋ ಟೆಂಪೋದವ್ನನ್ನ ನಾನೇ ಹುಡುಕ್ತೀನಿ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ತರಬೇತಿಯಲ್ಲಿ ಇಂಥ ಬ್ರೇಕ್ ಹಾಕಿದವನನ್ನು ನಾನು ಸೀಟಿನಿಂದ ಇಳಿಸಿಬಿಡುತ್ತಿದ್ದೆ.

ಮರುದಿನವೇ ಶುರು ಮಾಡಿದೆ. ನಮ್ಮೂರ ಆಚೆ ಒಂದು ಲೇಔಟ್ ಇದೆ. ಡಾಂಬರು ರಸ್ತೆ, ಚರಂಡಿ, ಬೀದಿದೀಪದ ಕಂಬ ಎಲ್ಲ ಆಗಿದೆ, ಮನೆ ಒಂದೂ ಇಲ್ಲ. ಬೆಳಿಗ್ಗೆ ಆರರಿಂದ ಏಳರವರೆಗೆ ಖಾಲಿ ಗಾಡಿಯನ್ನು ಅಲ್ಲಿ ಓಡಿಸುವುದು, ಪ್ರತಿ ಅಡ್ಡರಸ್ತೆಯಲ್ಲೂ ನಿಲ್ಲಿಸುವುದು. ಮೂರು ದಿನವಾದರೂ ನಾಲ್ಕೈದು ನಿಲುಗಡೆಗೊಮ್ಮೆ ಎಡಗಾಲು ಏಳುತ್ತಿತ್ತು. ಟವೆಲಿನಿಂದ ಕಾಲನ್ನು ಸೀಟಿಗೆ ಕಟ್ಟಿ ನೋಡಿದೆ. ಕಟ್ಟಿದಷ್ಟು ಹೊತ್ತು ಸುಮ್ಮನಿತ್ತು, ಬಿಚ್ಚಿದ ಕೂಡಲೇ ಎದ್ದಿತು. ಗೆಳೆಯನನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡೆ. ಟವೆಲು ನೋಡಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಮೂವತ್ತೊಂದು ವರ್ಷ ಸರ್ಕಾರ ಸಂಬಳ ಕೊಟ್ಟು ಕಲ್ಸಿದ ಕಾಲು ಕಣಯ್ಯ. ಒಂದು ಟವೆಲ್ಗೆ ಬಗ್ತದಾ?"

ಆದರೆ ಅರ್ಧ ಗಂಟೆ ಕಣ್ಣುಮುಚ್ಚಿ ಕುಳಿತಿದ್ದವನು ಒಂದು ಒಳ್ಳೆಯ ಮಾತು ಹೇಳಿದ.

"ನಿನ್ನ ಕಾಲಲ್ಲ ಕೆಟ್ಟಿರೋದು, ಕಿವಿ. ಇಂಜಿನ್ ಸದ್ದು ಇಳೀತಾ ಬಂದು ಒಂದ್ ಜಾಗಕ್ಕೆ ಬಂದಾಗ ಕಾಲೆತ್ತೀಯ. ಬಸ್ಸಲ್ಲಿ ಆಗ ಕ್ಲಚ್ ಒತ್ತದಿದ್ರೆ ಇಂಜಿನ್ ಆಫ್ ಆಗ್ತಿತ್ತು. ಇಲ್ಲಿ ಆಗಲ್ಲ. ಅದನ್ನ ಕಿವಿಗೆ ಹೇಳು."

ಅವನು ಹೇಳಿದ್ದು ನಿಜವಾಗಿತ್ತು. ರಸ್ತೆ ನೋಡಿ ಅಲ್ಲ, ಸದ್ದು ಕೇಳಿ ನನ್ನ ಕಾಲು ಏಳುತ್ತಿತ್ತು. ಅಂದಿನಿಂದ ಪಾಠ ಬದಲಾಯಿಸಿದೆ. ಕಿಟಕಿ ಇಳಿಸಿ, ವೇಗ ಇಳಿಸುತ್ತಾ ಬರುವುದು. ಗೇರ್ ಬಾಕ್ಸ್ ತಾನಾಗಿ ನಾಲ್ಕರಿಂದ ಮೂರು, ಮೂರರಿಂದ ಎರಡಕ್ಕೆ ಬರುವ ಸಣ್ಣ ಬದಲಾವಣೆಯನ್ನು ಕೇಳಿಸಿಕೊಳ್ಳುವುದು. ಪ್ರತಿ ಸಲವೂ ಬಾಯಿಬಿಟ್ಟು, "ಅದು ಹಾಕ್ಕೊಂಡ್ತು" ಎನ್ನುವುದು. ಹೊಸ ಚಾಲಕರಿಗೂ ನಾನು ಹೀಗೇ ಗಟ್ಟಿಯಾಗಿ ಹೇಳಿಸುತ್ತಿದ್ದೆ. ಹಾಗೆ ಕೇಳುತ್ತಾ ಹೋದಂತೆ ಆ ಯಂತ್ರದ ಬಗ್ಗೆ ಗೌರವ ಹೆಚ್ಚಿತು. ಒಂದು ಸಲವೂ ಅದು ಅವಸರ ಮಾಡಲಿಲ್ಲ, ಒಂದು ಸಲವೂ ಕರ್ರೆನ್ನಲಿಲ್ಲ. ನಿಲ್ಲುವ ಹೊತ್ತಿಗೆ ಸದ್ದಿಲ್ಲದೆ ಒಂದನೇ ಗೇರಿನಲ್ಲಿ ಸಿದ್ಧವಾಗಿರುತ್ತಿತ್ತು. ಒಂದು ದಿನವೂ ತಪ್ಪಿಸದೆ ಮೂರು ವಾರ ಹೀಗೆ ಮಾಡಿದೆ. ಕೊನೆಯ ವಾರ ಕಾಲು ಎದ್ದದ್ದು ಎರಡೇ ಸಲ. ಎರಡೇ ಸಲ ಎಂದರೆ ಪಾಸಾದಂತಲ್ಲ, ಅದು ನನಗೂ ಗೊತ್ತಿತ್ತು.

ಕುಂದಾಣಕ್ಕೆ ಹೊರಟ ಬೆಳಿಗ್ಗೆ ಹಿಂದಿನ ರಾತ್ರಿಯ ಮಳೆ ನಿಂತಿತ್ತು. ಚೌಕಟ್ಟಿನ ನಾಲ್ಕು ಅಂತಸ್ತಿನಲ್ಲೂ ಟೊಮೊಟೊ ಸಸಿ. ಅವಳೂ ಹತ್ತಿದಳು. ಹೊಸಕೋಟೆಯಿಂದ ದೇವನಹಳ್ಳಿಗೆ ಹೋಗುವ ಹೊಸ ಅಗಲ ರಸ್ತೆಯಲ್ಲಿ ಗಾಡಿ ನೀರಿನ ಮೇಲೆ ಹೋದಂತೆ ಹೋಯಿತು. ಇಂಜಿನ್ನಿನ ಸದ್ದು ಮಾತಿಗೆ ಅಡ್ಡಿಯಾಗುವಷ್ಟೂ ಇರಲಿಲ್ಲ. ದೇವನಹಳ್ಳಿ ದಾಟಿದ ಮೇಲೆ ತಿರುಗಿ ನೋಡಿದೆ. ಅವಳು ರಸ್ತೆ ನೋಡುತ್ತಿರಲಿಲ್ಲ, ಹೊರಟಾಗಿನಿಂದಲೂ ನನ್ನ ಎಡಗಾಲನ್ನೇ ನೋಡುತ್ತಾ ಕುಳಿತಿದ್ದಳು.

ಕುಂದಾಣ ಇನ್ನೇನು ಬಂತು ಎನ್ನುವಾಗ, ದ್ರಾಕ್ಷಿ ತೋಟದ ಪಕ್ಕದ ಓಣಿಯಿಂದ ಹಸಿಹುಲ್ಲಿನ ಹೊರೆ ಕಟ್ಟಿದ್ದ ಸ್ಕೂಟರೊಂದು ನೋಡದೆ ಮುಂದಕ್ಕೆ ಬಂತು. ಹೊರೆಯೇ ಕಾಣುತ್ತಿತ್ತು, ಸವಾರ ಕಾಣುತ್ತಿರಲಿಲ್ಲ. ಬಲಗಾಲಿನಿಂದ ಬ್ರೇಕ್ ಒತ್ತಿದೆ, ಬಿಗಿಯಾಗಿ, ಆದರೆ ಅಳತೆಯಲ್ಲಿ. ಗಾಡಿ ಮೂಗು ತಗ್ಗಿಸಿತು. ಗೇರುಗಳು ಒಂದೊಂದಾಗಿ ಇಳಿದವು. ಸ್ಕೂಟರು ಬಾನೆಟ್ಟಿನ ಮುಂದೆಯೇ ಹಾದುಹೋಯಿತು. ಎಡಗಾಲು ಒಂದು ಗೇಣು ಎದ್ದಿತ್ತು. ಗಾಳಿಯಲ್ಲಿ ನಿಂತು, ಹಾಗೆಯೇ ಕೆಳಗಿಳಿಯಿತು.

"ಎದ್ದಿತ್ತು" ಎಂದಳು ಅವಳು.

"ಎದ್ದಿತ್ತು. ಹೋಗ್ಲಿಲ್ಲ."

ಅವಳು ಮೊದಲ ಸಲ ಕಿಟಕಿಯ ಕಡೆ ತಿರುಗಿದಳು.

ರೈತರ ಹೊಲ ಒಂದು ದಿಬ್ಬದ ಮೇಲಿತ್ತು. ದಾರಿಯ ಜೇಡಿಮಣ್ಣು ಮಳೆಗೆ ಬೆಣ್ಣೆಯಾಗಿತ್ತು. ಗಾಡಿ ನಿಲ್ಲಿಸಿ, ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರಿಗೆ ಹಾಕಿ, ಬ್ರೇಕ್ ಬಿಟ್ಟೆ. ಮನುಷ್ಯ ನಡೆಯುವ ವೇಗದಲ್ಲಿ, ಎಲ್ಲೂ ಚಕ್ರವನ್ನು ನಿಂತಲ್ಲೇ ಸುತ್ತಿಸದೆ, ಜಗ್ಗದೆ ಹತ್ತಿತು. ಕ್ಲಚ್ ಗಾಡಿಯಲ್ಲಿ ಅಲ್ಲಿ ಅಷ್ಟು ಮೆತ್ತಗೆ ಹತ್ತಿಸಲು ನನಗೆ ಯೌವನದಲ್ಲೂ ಆಗುತ್ತಿರಲಿಲ್ಲ. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ.

ಮೇಲೆ ನಿಂತ ಕೂಡಲೇ ಅವಳು ಹಿಂದಕ್ಕೆ ಹೋಗಿ ಅಂತಸ್ತು ಅಂತಸ್ತಾಗಿ ನೋಡಿದಳು. ಒಂದು ಟ್ರೇ ಅಂಚಿಗೆ ಸರಿದಿತ್ತು. ಅದನ್ನು ಒಳಕ್ಕೆ ತಳ್ಳಿದಳು. ಬಿದ್ದದ್ದು ಒಂದೂ ಇರಲಿಲ್ಲ. ರೈತರು ಬಂದು ಒಂದು ಸಸಿ ಎಳೆದು ಬೇರು ನೋಡಿ ತಲೆಯಾಡಿಸಿದರು. ಟ್ರೇಗಳನ್ನು ಇಳಿಸಿದ್ದಾಯಿತು.

"ಚೆನ್ನಾಗೈತಮ್ಮ ಸಸಿ. ಗುರುವಾರಕ್ಕೆ ಇನ್ನೊಂದು ಲೋಡ್ ಬೇಕಲ್ಲ, ಟೆಂಪೋದಲ್ಲಿ ಕಳಿಸ್ತೀರಾ?"

ಅವಳು ಖಾಲಿ ಟ್ರೇಗಳನ್ನು ಒಂದರೊಳಗೊಂದು ಸೇರಿಸುತ್ತಲೇ ಉತ್ತರಿಸಿದಳು.

"ಟೆಂಪೋ ಯಾಕಪ್ಪಾ? ಇವ್ರೇ ತರ್ತಾರೆ. ನಾನು ಬರಲ್ಲ, ನಂಗೆ ಅವತ್ತು ಬೀಜ ಹಾಕೋ ಕೆಲ್ಸ ಐತೆ."

ರೈತರು ನನ್ನ ಕಡೆ ತಿರುಗಿ, "ಎಂಟ್ಗಂಟೆಗೆ ಬಂದ್ಬಿಡ್ತೀರಾ ಯಜಮಾನ್ರೇ?" ಎಂದು ಕೇಳಿದರು.

ಏಳೂ ಮುಕ್ಕಾಲಿಗೇ ಬರುತ್ತೇನೆ ಎಂದು ಹೇಳಿದೆ.