ಎರೆಹೊಲದ ಬೋಕಿಗಳು

ವತ್ಸಲಾಬಾಯಿಯ ಕಾಗದಕ್ಕೆ ಧಾರವಾಡದ ಪ್ರಾಚ್ಯವಸ್ತು ಕಚೇರಿಯಿಂದ ಜವಾಬು ಬಂದದ್ದು ಉತ್ತರಿ ಮಳೆ ಬಿದ್ದ ಮೂರನೆಯ ದಿನ. ಪರಿಶೀಲನೆ ಆಗುವವರೆಗೆ ಸದರಿ ಹೊಲದಲ್ಲಿ ಉಳುಮೆ, ಬಿತ್ತನೆ ಮಾಡಬಾರದು. ಮೊದಲ ಸಲ ಓದಿ ಹಿಗ್ಗಿದಳು. ಎರಡನೆಯ ಸಲ ಓದುವಷ್ಟರಲ್ಲಿ ಆ ಹೊಲದ ಹೊಳೆಪ್ಪ ಸಾಲೆಯ ಬಾಗಿಲಲ್ಲಿ ನಿಂತಿದ್ದ.

"ಅಕ್ಕೋರ, ತಳವಾರ ಬಂದು ಕೂರಿಗಿ ಹೂಡಬ್ಯಾಡ ಅಂದ. ನೀವು ಬರದದ್ದಕ್ಕಂತ?"

"ಹೌದು ಹೊಳೆಪ್ಪ. ನಿಮ್ಮ ಹೊಲದ ಕೆಳಗ ಹಳೇ ಊರು ಅದ ಅಂತ..."

"ಊರಲ್ರೀ, ನನ್ನ ಗೋರಿ ಐತಿ. ಎರಿ ಹಸಿ ಇನ್ನೊಂದು ವಾರ ನಿಲ್ಲೂದಿಲ್ಲ. ಟ್ರಿಬ್ಯೂನಲ್‌ನ್ಯಾಗ ಅರ್ಜಿ ಕುಂತೈತಿ. ಸರಕಾರ ಹೊಲಾ ಹಿಡದ್ರ ಆ ಅರ್ಜಿ ಯಾವ ಒಲಿಗೆ ಹಾಕ್ಲಿ?"

ಅಪ್ಪನ ಕಾಲದಿಂದ ಲಾವಣಿಗೆ, ಒಡೆಯರಿಗೆ ಗೇಣಿ ಕೊಟ್ಟು, ಉಳುತ್ತಿದ್ದ ನಾಲ್ಕೆಕರೆ ಅದು. ಉಳುವವನೇ ಒಡೆಯ ಎಂಬ ಹೊಸ ಕಾಯ್ದೆಯಲ್ಲಿ ತನ್ನದಾಗಬಹುದೆಂದು ಎರಡು ವರ್ಷದಿಂದ ಕಾಯುತ್ತಿದ್ದ. ಅವನ ಮಗಳು ಮಾದೇವಿ ಒಂಬತ್ತನೆಯ ಇಯತ್ತೆಯಲ್ಲಿ ವತ್ಸಲಾಬಾಯಿಯ ಕೈಯಲ್ಲೇ ಓದುತ್ತಿದ್ದಳು.

ಇಪ್ಪತ್ತಾರರಲ್ಲಿ ಗಂಡನನ್ನು ಕಳೆದುಕೊಂಡು, ಒಂದು ಟ್ರಂಕಿನ ತುಂಬ ಪುಸ್ತಕ ಹೊತ್ತು ಅಣ್ಣಿಗೇರಿ ಬಾಜುವಿನ ಈ ಊರಿಗೆ ಬಂದವಳು ವತ್ಸಲಾಬಾಯಿ. ಹದಿನಾಲ್ಕು ವರ್ಷದಿಂದ ಇತಿಹಾಸ ಕಲಿಸುತ್ತಿದ್ದಳು. ಹಳೆಯ ಮನುಷ್ಯರ ಪಾಠ ಪುಸ್ತಕದಲ್ಲಿ ಎರಡೇ ಪುಟ. ಮಕ್ಕಳು ಅದನ್ನು ಉರುಹೊಡೆದು ಒಪ್ಪಿಸುವುದನ್ನು ಕೇಳಲಾರದೆ ಅವರನ್ನು ಹೊರಗೆ ಕರೆದುಕೊಂಡು ಹೊರಟವಳು ಅವಳು. ಪ್ರತಿಯೊಂದು ವಹಿಯಲ್ಲಿ ನಡುವೆ ಗೆರೆ ಎಳೆಸುತ್ತಿದ್ದಳು: ಎಡಕ್ಕೆ ಕಂಡದ್ದು, ಬಲಕ್ಕೆ ಕೇಳಿದ್ದು. ಯಾರು ಹೇಳಿದರೆಂದು ಹೆಸರು ಬರೆಯದೆ ಬಲಗಡೆ ಒಂದಕ್ಷರವೂ ಬೀಳಕೂಡದು.

ಹೊಳೆಪ್ಪನ ಹೊಲದಲ್ಲಿ ಮೊದಲ ಬೋಕಿ ಸಿಕ್ಕಿದ್ದು ಮಾದೇವಿಗೇ. ಒಳಗೆ ಕಪ್ಪು, ಹೊರಗೆ ಕೆಂಪು ಇದ್ದ ಮಡಕೆಯ ಚೂರು. ಧಾರವಾಡದ ಕಾಲೇಜಿನ ಗ್ರಂಥಾಲಯದಿಂದ ತಂದ ಪುಸ್ತಕದ ಚಿತ್ರಕ್ಕೆ ಅದು ಸರಿಯಾಗಿ ಹೊಂದಿತ್ತು. ಹದಿನಾಲ್ಕು ವರ್ಷದ ಆಸೆ. ಅಂದೇ ಕಾಗದ ಬರೆದು ಟಪಾಲಿಗೆ ಹಾಕಿದ್ದಳು.

ಹೊಳೆಪ್ಪ ಹೋದ ಮೇಲೆ ಮಾದೇವಿಯ ವಹಿ ತೆರೆದಳು. ಎಡಗಡೆ ನಲವತ್ತಮೂರು ಬೋಕಿಗಳ ಲೆಕ್ಕ. ಬಲಗಡೆ ಬರೀ ಬಿಳಿ ಹಾಳೆ.

"ಮಾದೇವಿ, ನಿಮ್ಮಜ್ಜಿನ್ನ ಕೇಳಿದ್ಯೇನು?"

"ನೀವು ಕೇಳು ಅನ್ಲಿಲ್ರಿ."

ನಿಜ. ಕೇಳಿದರೆ ದೆವ್ವದ ಕಥೆ, ನಿಧಿಯ ಕಥೆ ಬಂದೀತೆಂದು ಅವಳೇ ಬಿಟ್ಟಿದ್ದಳು.

ಮಾದೇವಿಯನ್ನು ಕರೆದುಕೊಂಡು ಹೊಳೆಪ್ಪನ ಮನೆಗೆ ಹೋದಾಗ ಅಜ್ಜಿ ರೇವವ್ವ ಪಡಸಾಲೆಯಲ್ಲಿ ಕೂತು ಕಾಳು ಹಸನು ಮಾಡುತ್ತಿದ್ದಳು. "ಕೇಳಿದ್ರ ಹೇಳ್ತಿದ್ದೆ ತಾಯಿ, ಯಾರು ಕೇಳಿದ್ರಿ? ನಾ ಲಗ್ನಾಗಿ ಬಂದ ವರ್ಷ ಆ ಹೊಲಕ್ಕ ಸತುವ ಇದ್ದಿಲ್ಲ. ಹಳ್ಳದ ಆಚಿ ಹಾಳೂರ ದಿಬ್ಬ ಐತೆಲ್ಲ, ಅಲ್ಲಿಂದ ಬೂದಿಮಣ್ಣ ಹೇರಿ ಹಾಕೀವಿ. ಮೂವತ್ತು ಬಂಡಿ. ಬೋಕಿ ಅದರಾಗ ಬಂದಾವು. ನನ್ನ ಅಂಗಾಲು ಹರದಾವು, ನಂಗ ಗೊತ್ತಿಲ್ಲೇನು?"

ಹಾಗಾದರೆ ಹಳೇ ಊರು ಇದ್ದದ್ದು ಆ ದಿಬ್ಬದಲ್ಲಿ, ಈ ಹೊಲದಲ್ಲಲ್ಲ. ಆದರೂ ಮಗನ ಹೊಲ ಉಳಿಸಲು ತಾಯಿ ಏನನ್ನಾದರೂ ಹೇಳಿಯಾಳು. ಕೇಳಿದ್ದು ಕಂಡದ್ದಕ್ಕೆ ಹೊಂದಬೇಕು.

"ಹೊಳೆಪ್ಪ, ಹೊಲದಾಗ ಒಂದು ಕುಣಿ ತೋಡೋಣ. ಮಣ್ಣು ಹೇರಿ ತಂದದ್ದಾದ್ರ ಬೋಕಿ ಮ್ಯಾಲಷ್ಟೇ ಇರ್ತಾವ. ಕೆಳಗೂ ಸಿಕ್ರ..."

"ಸಿಕ್ರ ಹೊಲಾ ಹೋತು. ಅದನ್ನೂ ನನ್ನ ಕೈಲೆ ತೋಡಸ್ತೀರಿ, ಹೌದಿಲ್ಲೋ?" ಎಂದ. ಅಂದರೂ ಗುದ್ದಲಿ ತಂದ.

ಬದುವಿನ ಮೇಲೆ ಮಕ್ಕಳು ಸಾಲಾಗಿ ನಿಂತರು. ಮೊದಲ ಗೇಣಿನಲ್ಲಿ ಬೂದಿ ಬೆರೆತ ಮಣ್ಣು, ಒಂಬತ್ತು ಬೋಕಿ. ಅದರ ಕೆಳಗೆ ಅಪ್ಪಟ ಕಪ್ಪು ಎರೆಮಣ್ಣು. ಒಂದೊಂದು ಹೆಂಟೆಯನ್ನೂ ವತ್ಸಲಾಬಾಯಿ ಕೈಯಲ್ಲೇ ಒಡೆದು ನೋಡಿದಳು. ಮೊಣಕಾಲುದ್ದ ಇಳಿಯಿತು. ಏನೂ ಇಲ್ಲ. ಹೊಳೆಪ್ಪನ ಉಸಿರು ಸಡಿಲವಾಗುತ್ತಿದ್ದಂತೆ ಗುದ್ದಲಿ ಖಣ್ಣನೆ ಸಪ್ಪಳ ಮಾಡಿತು.

ಬೋಕಿ. ಒಳಗೆ ಕಪ್ಪು, ಹೊರಗೆ ಕೆಂಪು.

ಹೊಳೆಪ್ಪ ಕುಣಿಯಲ್ಲೇ ಕುಕ್ಕರಿಸಿದ. ಒಂದು ಕ್ಷಣ, ಒಂದೇ ಕ್ಷಣ, ವತ್ಸಲಾಬಾಯಿಯ ಎದೆ ಸಂತೋಷದಿಂದ ಹಾರಿತು. ಮರುಕ್ಷಣ ಆ ಸಂತೋಷಕ್ಕೆ ಅವಳಿಗೇ ನಾಚಿಕೆಯಾಯಿತು.

"ಅಕ್ಕೋರ, ಅದು ನಿಂತೈತ್ರಿ," ಎಂದಳು ಮಾದೇವಿ.

ಹೌದು, ಬೋಕಿ ಮಲಗಿರಲಿಲ್ಲ, ಅಂಚಿನ ಮೇಲೆ ನೆಟ್ಟಗೆ ನಿಂತಿತ್ತು. ಅದರ ನೆತ್ತಿಯಿಂದ ಮೇಲಿನವರೆಗೆ ಕುಣಿಯ ಗೋಡೆಯಲ್ಲಿ ಒಂದು ಬೂದಿಬಣ್ಣದ ಗೆರೆ. ವತ್ಸಲಾಬಾಯಿ ಬೆರಳಿನಿಂದ ಕೆದಕಿದಳು. ಸಡಿಲ ಮಣ್ಣು ಉದುರಿತು. ಬೇಸಗೆಯಲ್ಲಿ ಎರೆ ಬಾಯಿ ಬಿಟ್ಟಾಗ ಮೇಲಿನ ಬೋಕಿ ಆ ಬಿರುಕಿನಲ್ಲಿ ಜಾರಿ ಬಿದ್ದಿತ್ತು.

ತನಗೆ ಬೇಕಾದದ್ದನ್ನು ಒಮ್ಮೆ ಕಂಡವಳು ಈಗ ಹೊಳೆಪ್ಪನಿಗೆ ಬೇಕಾದದ್ದನ್ನು ಕಾಣುತ್ತಿರಬಹುದಲ್ಲ? "ಇನ್ನೊಂದು ಕುಣಿ," ಎಂದಳು.

"ಜೀವಾ ತಗೀತೀರಿ ಅಕ್ಕೋರ."

ಎರಡನೆಯದರಲ್ಲಿ ಮೇಲಿನ ಗೇಣು ಬಿಟ್ಟರೆ ಸೊಂಟದವರೆಗೂ ಬರೀ ಎರೆ.

ಮರುದಿನ ಮೊದಲ ರೈಲಿಗೆ ವಹಿ ಹಿಡಿದು ಧಾರವಾಡಕ್ಕೆ ಹೋದಳು. ಬಲಗಡೆಯ ಹಾಳೆಯ ಮೇಲೆ ಮೊದಲ ಹೆಸರು ರೇವವ್ವನದು. ಕಚೇರಿಯ ಸಾಹೇಬರು ಎಲ್ಲ ಓದಿ ತಲೆಯೆತ್ತಿದರು.

"ನೀವ ಬರದದ್ದು ನೀವ ಸುಳ್ಳಂತೀರೇನು, ಬಾಯಾರ?"

"ಬೋಕಿ ಖರೇನ ರೀ. ಜಾಗಾ ನಾ ತಪ್ಪು ಹೇಳಿದೆ. ಕೇಳಬೇಕಾದವರನ್ನ ಕೇಳಿದ್ದಿಲ್ಲ."

ಅವರು ವಹಿ ಮುಚ್ಚಿ, ಬಿತ್ತನೆಗೆ ಅಡ್ಡಿಯಿಲ್ಲವೆಂದು ಬರೆದುಕೊಟ್ಟರು.

ಹೊತ್ತು ಇಳಿಯುವಾಗ ಬದುವಿನ ಮೇಲೆ ಮಾದೇವಿ ಅದನ್ನು ಅಪ್ಪನಿಗೆ ಓದಿ ಹೇಳಿದಳು. ಹೊಳೆಪ್ಪ ಬಗ್ಗಿ ಒಂದು ಹಿಡಿ ಮಣ್ಣು ಹಿಸುಕಿ ನೋಡಿದ. ಹಸಿ ಇನ್ನೂ ಇತ್ತು. ಎತ್ತುಗಳ ಕಡೆ ನಡೆಯುತ್ತ, ವತ್ಸಲಾಬಾಯಿಯ ಮುಖ ನೋಡದೆಯೇ ಹೇಳಿದ:

"ಆ ಎರಡೂ ಕುಣಿ ಮುಚ್ಚರಿ ಅಕ್ಕೋರ. ಎತ್ತಿನ ಕಾಲು ಸಿಕ್ಕೀತು."

ಅವಳು ಸೆರಗು ಸಿಕ್ಕಿಸಿ ಗುದ್ದಲಿ ಎತ್ತಿಕೊಂಡಳು.